ಗಾಡಿಯ ಮೈಗೆ ಎರಡು ಬಡಿತ

ಸೆಪ್ಟೆಂಬರ್ 8, ಭಾನುವಾರ. ಬೆಳಿಗ್ಗೆ ಏಳೂವರೆ

ಬಾಟಲಿ ಕುದಿಯಲು ಇಟ್ಟಿದ್ದೇನೆ. ಪುಟ್ಟಿ ಮಲಗಿದ್ದಾಳೆ. ಈಗಷ್ಟೇ ನೋಡಿ ಬಂದೆ. ಎದೆ ಏರಿಳಿಯುತ್ತಿದೆ. ಸಾಲದೆಂದು ಮೂಗಿನ ಹತ್ತಿರ ಬೆರಳಿಟ್ಟೆ. ಅದಕ್ಕೇ ಎಚ್ಚರವಾಗುವುದರಲ್ಲಿತ್ತು. ಬುದ್ಧಿ ಇಲ್ಲ ನನಗೆ.

ನಡುಮನೆಯಲ್ಲಿ ಇನ್ನೂ ಶೂ ಪಾಲಿಶ್ ವಾಸನೆ. ಅಂದರೆ ಭಾನುವಾರ. ತಾತ ಕ್ಷೌರ ಮುಗಿಸಿ, ಚರ್ಚಿನ ವ್ಯಾನಿನ ಗಾಜು ಒರೆಸಿ ಬಂದು, ಶೂ ಹಿಡಿದು ಕೂತಿದ್ದರು. ವಯಸ್ಸು ಎಂಬತ್ತು ದಾಟಿದೆ. ಬೆನ್ನು ಮಾತ್ರ ಇನ್ನೂ ಮಿಲಿಟರಿಯಲ್ಲೇ ಇದೆ.

"ರಾತ್ರಿ ಸಾಹೇಬರು ಹೇಗಿದ್ರು?"

"ಮೂರು ಸಲ ಎದ್ದಳು ತಾತ."

"ಸಾಹೇಬರು ಎದ್ರೆ ಸಿಪಾಯಿನೂ ಏಳಬೇಕು. ಹಳೇ ನಿಯಮ. ನಾನೇನೂ ಮಾಡೋ ಹಾಗಿಲ್ಲ."

ಹುಟ್ಟಿದ ದಿನದಿಂದ ಅವರಿಗೆ ಪುಟ್ಟಿ ಮೇಜರ್ ಸಾಹೇಬರು. ಸೆಲ್ಯೂಟ್ ಹೊಡೆದ ಮೇಲೆಯೇ ಎತ್ತಿಕೊಳ್ಳುವುದು.

ತಿಂಡಿಗೆ ಕೂತಾಗ ಮತ್ತೆ ಅಡುಗೆಯವನ ಕಥೆ. ಯುದ್ಧದ ಕಾಲದಲ್ಲಿ ಲಾರಿ ಓಡಿಸುತ್ತಿದ್ದಾಗಿನದು. "ಚಳಿ. ಕತ್ತಲು. ಹೊರಡು ಹೊರಡು ಅಂದ್ರು, ಹೊರಟ್ವಿ. ಬೆಳಕು ಹರಿದ ಮೇಲೆ ಗಾಡಿ ನಿಲ್ಲಿಸಿ ನೋಡಿದ್ರೆ ಅಡುಗೆಯವನೇ ಇಲ್ಲ."

"ಆಮೇಲೆ ಎರಡು ದಿನ ಒಣ ಬಿಸ್ಕತ್ತು," ಅತ್ತೆ ಒಲೆಯ ಮುಂದಿನಿಂದಲೇ ಮುಗಿಸಿದರು. "ನೂರು ಸಲ ಕೇಳಿದ್ದೀವಿ ಅಪ್ಪ. ಆ ಅಡುಗೆಯವನಿಗೂ ಬಾಯಿಪಾಠ ಆಗಿರತ್ತೆ."

"ಅವನಿಗೆ ಆಗಿರತ್ತೆ," ಅಂದರು ತಾತ. ಬ್ರೆಡ್ಡು ಚಹಾದಲ್ಲಿ ಅದ್ದಿ ತಿಂದರು.

ಫ್ಲಾಸ್ಕಿಗೆ ಚಹಾ ತುಂಬಿ ಕೊಟ್ಟೆ. ವ್ಯಾನ್ ಹೊರಟಿತು. ಇನ್ನು ನಡೆಯಲಾರದ ಮುದುಕರನ್ನೆಲ್ಲ ಮನೆಮನೆಯಿಂದ ಹತ್ತಿಸಿಕೊಂಡು ಚರ್ಚಿಗೆ. ಆರಾಧನೆ ಮುಗಿದ ಮೇಲೆ ಮನೆಮನೆಗೆ ಇಳಿಸಿ, ಮಧ್ಯಾಹ್ನ ಬಂದು ಬೆನ್ನು ನೆಟ್ಟಗಿರುವ ಆ ಮರದ ಕುರ್ಚಿಯಲ್ಲಿ ಕೂತು, "ಚಾರ್ಜ್ ತಗೊಂಡೆ. ನೀನು ಹೋಗು," ಅನ್ನುತ್ತಾರೆ. ಆಗ ಮಾತ್ರ ನನಗೆ ನಿದ್ದೆ ಬರುವುದು. ಅತ್ತೆಯ ಕೈಗೆ ಕೊಟ್ಟರೆ ಬರುವುದಿಲ್ಲ. ಜೋಗುಳ ಹಾಡುತ್ತಾ ಮಗುವಿಗಿಂತ ಮೊದಲು ಅವರೇ ತೂಕಡಿಸುತ್ತಾರೆ. ಇವರ, ನನ್ನ ಗಂಡನ, ಕೈಗೆ ಕೊಟ್ಟರೂ ಅಷ್ಟೇ. ರಾತ್ರಿಯೆಲ್ಲ ಪ್ರೆಸ್ಸಿನಲ್ಲಿ ಮೆಷಿನ್ ಮುಂದೆ ನಿಂತು ಬಂದ ಮನುಷ್ಯ.

ಮಧ್ಯಾಹ್ನಕ್ಕೆ ಇನ್ನೂ ಎಷ್ಟು ಹೊತ್ತು—

ಬಾಟಲಿಯ ನೀರು ಉಕ್ಕುತ್ತಿದೆ.


ಸೆಪ್ಟೆಂಬರ್ 12, ಗುರುವಾರ

ತಾತನನ್ನು ಮಣ್ಣು ಮಾಡಿ ಬಂದೆವು.

ಏನು ಬರೆಯಬೇಕೋ ಗೊತ್ತಿಲ್ಲ. ಕಂಡದ್ದು ಬರೆಯುತ್ತೇನೆ.

ಚರ್ಚ್ ತುಂಬಿ ಹೊರಗೂ ಜನ. ಪುಟ್ಟಿ ಅಳಲಿಲ್ಲ. ನಾನೂ ಅಳಲಿಲ್ಲ. ಹೂವಿನ ಮೇಲೆ ಒಂದು ಇರುವೆ ಹರಿಯುತ್ತಿತ್ತು. ಅದು ಪೆಟ್ಟಿಗೆಯ ಒಳಗೆ ಹೋಗದಿದ್ದರೆ ಸಾಕು ಎಂದುಕೊಂಡು ಅದನ್ನೇ ನೋಡುತ್ತಿದ್ದೆ. ಪಾಸ್ಟರ್ ಏನು ಓದಿದರೋ ನೆನಪಿಲ್ಲ.

ಪೆಟ್ಟಿಗೆಯನ್ನು ಕಪ್ಪು ಗಾಡಿಗೆ ಏರಿಸಿ ಹಿಂದಿನ ಬಾಗಿಲು ಹಾಕಿದರು. ಬಾಗಿಲ ಪಕ್ಕ ನಿಂತಿದ್ದ, ತಾತನ ವ್ಯಾನಿನಲ್ಲಿ ಬರುವ ಟೈಲರ್ ಅಜ್ಜಿ ಅಂಗೈಯಿಂದ ಗಾಡಿಗೆ ಧಪ್ ಧಪ್ ಎಂದು ಎರಡು ಬಡಿದರು. ಆಯ ತಪ್ಪಿತೇನೋ ಎಂದು ಹಿಡಿದುಕೊಳ್ಳಲು ಹೋದೆ. ಬೇಡ ಎಂಬ ಹಾಗೆ ಕೈ ಆಡಿಸಿದರು. ಗಾಡಿ ಹೊರಟಿತು.


ಸೆಪ್ಟೆಂಬರ್ 13, ಶುಕ್ರವಾರ

ಮನೆ ತುಂಬ ನೆಂಟರು. ಎಲ್ಲರಿಗೂ ಒಂದೇ ಪ್ರಶ್ನೆ. ಹೇಗಾಯ್ತು, ಹೇಗಾಯ್ತು. ಅತ್ತೆ ಪ್ರತಿ ಸಲವೂ ಮೊದಲಿನಿಂದ ಹೇಳಿ ಮೊದಲಿನಿಂದ ಅಳುತ್ತಾರೆ. ಅವರಿಗೆ ಅಪ್ಪ. ನನಗೆ? ಗಂಡನ ತಾತ. ಮದುವೆಯಾಗಿ ಬಂದು ಎರಡೂವರೆ ವರ್ಷದ ಪರಿಚಯ.

ಅತ್ತೆ ಹೇಳುವುದು ಪೂರ್ತಿ ಸರಿಯಲ್ಲ. ಅವರು ಆಗ ಅಂಗಡಿಗೆ ಹೋಗಿದ್ದರು. ಸರಿಯಾಗಿ ಗೊತ್ತಿರುವುದು ನನಗೊಬ್ಬಳಿಗೆ.

ಮಂಗಳವಾರ ಬೆಳಿಗ್ಗೆ. ದಿನಾ ಒಂದಿಷ್ಟು ಹೊತ್ತು ವ್ಯಾನ್ ಸ್ಟಾರ್ಟ್ ಮಾಡಿ ಇಡುತ್ತಿದ್ದರು, ಬ್ಯಾಟರಿ ಕೂರಬಾರದೆಂದು. ಅವತ್ತೂ ಮಾಡಿದರು. ಕಿಟಕಿಯ ಪಕ್ಕದಲ್ಲೇ ಸದ್ದು. ಪುಟ್ಟಿ ಆಗ ತಾನೇ ಕಣ್ಣು ಮುಚ್ಚಿದ್ದಳು. ಆಫ್ ಮಾಡಬಾರದೇ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಸದ್ದು ನಿಲ್ಲಲಿಲ್ಲ. ಕೊನೆಗೆ ಹೇಳೋಣವೆಂದು ಹೊರಗೆ ಹೋದೆ. ಸೀಟಿನಲ್ಲಿ ನೆಟ್ಟಗೆ ಕೂತಿದ್ದರು. ಕೈ ತೊಡೆಯ ಮೇಲೆ. ಹ್ಯಾಂಡ್‌ಬ್ರೇಕ್ ಹಾಕಿತ್ತು.

ಕರೆದೆ. ಮುಟ್ಟಿದೆ. ಮೂಗಿನ ಹತ್ತಿರ ಬೆರಳಿಟ್ಟೆ. ಅಭ್ಯಾಸವಾಗಿ ಹೋಗಿರುವ ಕೆಲಸ.

ಕೈ ಚಾಚಿ ಕೀ ತಿರುಗಿಸಿದ್ದು ನಾನೇ. ಸದ್ದು ನಿಂತಿತು. ಕೀ ತಂದು ಕ್ಯಾಲೆಂಡರ್ ಪಕ್ಕದ ಮೊಳೆಗೆ ಹಾಕಿದೆ. ಆಮೇಲೆ ಇವರನ್ನು ಎಬ್ಬಿಸಿದೆ. ಮೊದಲು ಕೀ, ಆಮೇಲೆ ಇವರು.

ಡಾಕ್ಟರ್ ಹೇಳಿದರು, ಕ್ಷಣದಲ್ಲಿ ಹೋಗಿದ್ದಾರೆ, ಯಾರಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದು. ಸರಿ.

ಸಂಜೆ ಅತ್ತೆ, "ಒಂದು ಹನಿ ಕಣ್ಣೀರಿಲ್ಲವಲ್ಲೇ ನಿಂಗೆ. ಕಲ್ಲು ಕಣೇ ನೀನು," ಅಂದರು. ಬೈಗುಳವಲ್ಲ, ಸುಮ್ಮನೆ ಆಶ್ಚರ್ಯ. ನನಗೂ ಅದೇ ಆಶ್ಚರ್ಯ.


ಸೆಪ್ಟೆಂಬರ್ 15, ಭಾನುವಾರ

ಇದನ್ನು ಯಾರಿಗೆ ಹೇಳಿದರೂ ನಂಬಲಾರರು.

ಎಂಟು ಗಂಟೆಗೆ ಫೋನ್. ಹೆಡ್‌ಮಾಸ್ತರರು. ಎಂದೋ ರಿಟೈರಾದ ಹೆಡ್‌ಮಾಸ್ತರರು, ಕಣ್ಣು ಮುಕ್ಕಾಲು ಹೋಗಿದೆ. "ಏನಮ್ಮ, ಗಾಡಿ ಇನ್ನೂ ಬಂದಿಲ್ಲವಲ್ಲ. ನಾನು ಗೇಟಿನ ಹತ್ತಿರವೇ ಇದ್ದೀನಿ."

"ಸಾರ್..." ಅಂದೆ. ಆ ಕಡೆ ಅವರಿಗೂ ತಟಕ್ಕನೆ ತಿಳಿಯಿತು. "ಅಯ್ಯೋ... ಅಯ್ಯೋ ದೇವರೇ... ಕ್ಷಮಿಸಮ್ಮ." ಗುರುವಾರ ಪೆಟ್ಟಿಗೆಯ ಹಿಂದೆ ಕೋಲೂರಿಕೊಂಡು ಬಂದವರು ಅವರೇ. ಮೊದಲ ಹಿಡಿ ಮಣ್ಣು ಹಾಕಿದವರಲ್ಲಿ ಒಬ್ಬರು. ಭಾನುವಾರ ಬೆಳಿಗ್ಗೆ ಕೋಟು ಹಾಕಿಕೊಂಡು ಗೇಟಿಗೆ ಬಂದು ನಿಂತಿದ್ದಾರೆ.

ಅವರೊಬ್ಬರೇ ಅಲ್ಲ. ವ್ಯಾನಿನಲ್ಲೇ ಬರುವ ಆ ವಯಸ್ಸಾದ ಅಕ್ಕತಂಗಿಯರ ಮನೆಯಿಂದ ಫೋನ್. ಅಕ್ಕನದು ಒಂದು, ತಂಗಿಯದು ಬೇರೆ ಒಂದು. ಒಂದೇ ಮನೆಯಲ್ಲಿದ್ದು ಎಷ್ಟೋ ವರ್ಷದಿಂದ ಇಬ್ಬರಿಗೂ ಮಾತಿಲ್ಲ. ಟೈಲರ್ ಅಜ್ಜಿಯಿಂದ ಫೋನ್ ಬರಲಿಲ್ಲ. ಆದರೆ ಇವರು ಕೆಲಸದಿಂದ ಬರುವಾಗ ನೋಡಿದರಂತೆ, ಆಕೆಯೂ ಬೈಬಲ್ ಚೀಲ ಹಿಡಿದು ಗೇಟಿನಲ್ಲೇ.

ಎಲ್ಲರೂ ಹೂಳಿ ಬಂದವರು. ಎಲ್ಲರೂ ಕಾದವರು.

ಇವರು ಸ್ಕೂಟರಿನಲ್ಲಿ ಹೆಡ್‌ಮಾಸ್ತರರನ್ನು ಕರೆದುಕೊಂಡು ಹೋದರು. ಅಕ್ಕತಂಗಿಯರು ಬರುವುದಿಲ್ಲವೆಂದರು. "ಈ ವಯಸ್ಸಲ್ಲಿ ಸ್ಕೂಟರ್ ಹತ್ತಿ ನಗೆಪಾಟಲಾಗಲಾ?" ಅಂದರಂತೆ ಅಕ್ಕ. ಅದೇ ಮಾತನ್ನು ಕಿಟಕಿಯಿಂದ ತಂಗಿಯೂ ಅಂದರಂತೆ.

ನಾನು ಏಳಕ್ಕೇ ಫ್ಲಾಸ್ಕಿಗೆ ಚಹಾ ತುಂಬಿಟ್ಟಿದ್ದೆ. ಯಾರಿಗೂ ಹೇಳಿಲ್ಲ. ಸಿಂಕಿಗೆ ಸುರಿದೆ.


ಸೆಪ್ಟೆಂಬರ್ 18, ಬುಧವಾರ

ಪಾಸ್ಟರ್ ಬಂದಿದ್ದರು. ಎರಡು ವಿಷಯ.

ಒಂದು: ಅಕ್ಟೋಬರ್ ಹದಿಮೂರರ ಭಾನುವಾರ ತಾತನ ಸ್ಮರಣೆಯ ಆರಾಧನೆ. ಮನೆಯ ಪರವಾಗಿ ಒಬ್ಬರು ಒಂದು ಪುಟ ಬರೆದು ಓದಬೇಕು. ಎಲ್ಲರ ಕಣ್ಣೂ ನನ್ನ ಮೇಲೆ. "ಇವಳೇ ಬರೀಲಿ, ಕಾಲೇಜು ಓದಿರೋಳು," ಅಂದರು ಅತ್ತೆ. ಕಾಲೇಜಿನಲ್ಲಿ ಇದನ್ನು ಹೇಳಿಕೊಟ್ಟಿರಲಿಲ್ಲ.

ಎರಡು: ವ್ಯಾನ್. ಓಡಿಸುವವರಿಲ್ಲ. ಸಭೆಯ ಹಿರಿಯರು ಯೋಚಿಸುತ್ತಿದ್ದಾರಂತೆ. ಗಾಡಿಯನ್ನು ಬೇರೆ ಯಾವುದಾದರೂ ಸಭೆಗೆ ಕೊಟ್ಟುಬಿಡುವುದು, ಈ ನಾಲ್ವರಿಗೆ ಫೋನಿನಲ್ಲಿ ಆರಾಧನೆ ಕೇಳಿಸುವುದು. ತಪ್ಪೇನಲ್ಲ. ಪಾಸ್ಟರ್ ಒಳ್ಳೆಯವರು. ನೆಲ ನೋಡುತ್ತಾ ಹೇಳಿದರು.

"ಇವಳಿಗೆ ಲೈಸೆನ್ಸ್ ಇದೆ," ಅಂದರು ಅತ್ತೆ.

ಇದೆ. ಮದುವೆಯಾದ ಹೊಸತರಲ್ಲಿ ತಾತನೇ ಕಲಿಸಿದ್ದು, ಚರ್ಚಿನ ಹಿಂದಿನ ಖಾಲಿ ಜಾಗದಲ್ಲಿ. ಅವರ ಉದ್ದ ಕಾಲಿಗೆ ಸೀಟು ಹಿಂದಕ್ಕಿತ್ತು, ಸರಿಸುವ ಹಿಡಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ನನ್ನ ಬೆನ್ನಿಗೆ ಎರಡು ದಿಂಬು ಇಡುತ್ತಿದ್ದರು. "ಮಹಾರಾಣಿಯವರ ಸವಾರಿ," ಅನ್ನುತ್ತಿದ್ದರು. ಇವರಿಗೆ ಸ್ಕೂಟರ್ ಬಿಟ್ಟರೆ ಬೇರೇನೂ ಬರುವುದಿಲ್ಲ.

"ನನ್ನಿಂದ ಆಗಲ್ಲ," ಅಂದೆ. "ನಾನು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಅಂತ ನಿಮಗೆ ಗೊತ್ತಲ್ಲ. ನಾಲ್ಕು ಜನ ಮುದುಕರನ್ನ ಹಿಂದೆ ಕೂರಿಸಿಕೊಂಡು ಕಣ್ಣು ಮುಚ್ಚಿದ್ರೆ? ಮಗೂನ ಯಾರು ನೋಡ್ತಾರೆ?"

"ನಾನೇನು ಗೋಡೆ ಮೇಲಿನ ಫೋಟೋನಾ?" ಅಂದರು ಅತ್ತೆ.

ಪಾಸ್ಟರ್ ನಕ್ಕರು. ಆಮೇಲೆ ನಗಬಾರದಿತ್ತೇನೋ ಎಂದು ಕೆಮ್ಮಿದರು.


ಸೆಪ್ಟೆಂಬರ್ 20, ಶುಕ್ರವಾರ

ಪುಟ ಬರೆಯಲು ಕೂತೆ. ಪುಟ್ಟಿ ಮಡಿಲಲ್ಲಿ.

"ನಮ್ಮ ಪ್ರೀತಿಯ ತಾತನವರು ದೇಶಸೇವೆ, ದೈವಭಕ್ತಿ ಮತ್ತು..." ಹೊಡೆದು ಹಾಕಿದೆ. ಇದು ಯಾರ ತಾತನಿಗೂ ಆಗುತ್ತದೆ.

ಅತ್ತೆ ಪದಕಗಳನ್ನು ತಂದಿಟ್ಟರು. ಬಿಸ್ಕತ್ತಿನ ಡಬ್ಬಿಯಲ್ಲಿ, ಹಳೇ ಗುಂಡಿಗಳ ಜೊತೆ ಇದ್ದವು. ಯಾವುದು ಯಾವುದಕ್ಕೆ ಎಂದು ಅವರಿಗೂ ಗೊತ್ತಿಲ್ಲ. "ಯಾವತ್ತೂ ಹೇಳಲಿಲ್ಲ ಕಣೆ. ಕೇಳಿದ್ರೆ ಆ ಅಡುಗೆಯವನ ಕಥೆ ಶುರು ಮಾಡ್ತಿದ್ರು."

ನನಗೆ ಗೊತ್ತಿರುವುದು: ಗಂಜಿಗೆ ಉಪ್ಪು ಹೆಚ್ಚು ಬೇಕು. ಚರ್ಚಿನ ಹಿಂದಿನ ಸಾಲಿನಲ್ಲೇ ಕೂರುವುದು, ಯಾರಿಗಾದರೂ ತಲೆ ಸುತ್ತಿದರೆ ಎದ್ದು ಹೋಗಲು ಅನುಕೂಲವೆಂದು. ಹಾಡುವಾಗ ಸ್ವರ ಸದಾ ಅರ್ಧ ಹೆಜ್ಜೆ ಹಿಂದೆ. ಯಾರ ಮನೆಯಲ್ಲಿ ನಲ್ಲಿ ಸೋರಿದರೂ ಸ್ಪ್ಯಾನರ್ ಹಿಡಿದು ಹೊರಡುವುದು. ಅತ್ತೆ ರೇಗಿದರೆ ಕಿವಿ ಕೇಳದವರ ಹಾಗೆ ಇರುವುದು. ಕಿವಿ ಚೆನ್ನಾಗಿಯೇ ಕೇಳುತ್ತಿತ್ತು.

ಇದನ್ನೆಲ್ಲ ಓದಿದರೆ ಜನ ಏನಂದಾರು.

ಏನೂ ಅನ್ನಿಸುತ್ತಿಲ್ಲ. ಹಲ್ಲು ಕೀಳಿಸಿಕೊಂಡು ಬಂದ ಮೇಲೆ ತುಟಿ ಮುಟ್ಟಿಕೊಂಡ ಹಾಗೆ. ಇದೆ, ನನ್ನದಲ್ಲ.


ಸೆಪ್ಟೆಂಬರ್ 21, ಶನಿವಾರ. ಸಂಜೆ

ಹೆಡ್‌ಮಾಸ್ತರರ ಫೋನ್. ಪುಟ್ಟಿಯ ಹೊಟ್ಟೆನೋವು ಹೇಗಿದೆ, ಅತ್ತೆ ಊಟ ಮಾಡುತ್ತಿದ್ದಾರಾ ಎಂದೆಲ್ಲ ವಿಚಾರಿಸಿದರು. ಆಮೇಲೆ, "ನಾಳೆ... ಎಷ್ಟು ಹೊತ್ತಿಗಮ್ಮ?" ಅಂದರು.

"ಎಂದಿನ ಹೊತ್ತಿಗೇ," ಅಂದೆ.

ನಾನಲ್ಲ ಅಂದದ್ದು. ಬಾಯಿ ಅಂದಿತು. ಫೋನ್ ಇಟ್ಟೆ. ಮತ್ತೆ ಫೋನ್ ಮಾಡಿ ಇಲ್ಲ ಅನ್ನೋಣವೆಂದರೆ—ಆ ಗೇಟು, ಆ ಕೋಟು.

ಅತ್ತೆ ಕೇಳಿಸಿಕೊಂಡಿದ್ದಾರೆ. ಎರಡು ದಿಂಬಿನ ಕವರ್ ಒಗೆದು ಹಾಕಿದ್ದಾರೆ.


ಸೆಪ್ಟೆಂಬರ್ 22, ಭಾನುವಾರ. ಮಧ್ಯಾಹ್ನ

ಮುಗಿಯಿತು. ಇನ್ನೆಂದೂ ಮುಟ್ಟುವುದಿಲ್ಲ ಆ ಗಾಡಿಯನ್ನು.

ಪುಟ್ಟಿಯನ್ನು ಅತ್ತೆಯ ಹತ್ತಿರ ಬಿಟ್ಟೆ. ಹುಟ್ಟಿದ ಮೇಲೆ ಮೊದಲ ಸಲ ಅವಳು ಒಂದು ಕಡೆ, ನಾನು ಒಂದು ಕಡೆ. ಸೀಟಿಗೆ ಹತ್ತಿದೆ. ಕನ್ನಡಿಯಲ್ಲಿ ವ್ಯಾನಿನ ಮೇಲ್ಛಾವಣಿ ಕಾಣುತ್ತಿತ್ತು. ಅವರ ಎತ್ತರಕ್ಕೆ ಇಟ್ಟದ್ದು. ತಿರುಗಿಸಬೇಕಾಯಿತು. ಸೀಟು ಸರಿಸಲಿಲ್ಲ. ಎಣ್ಣೆ ಬಿಟ್ಟು ಸಡಿಲ ಮಾಡಿಕೊಡುತ್ತೇನೆ ಎಂದರು ಇವರು. ಬೇಡ ಅಂದೆ. ದಿಂಬು ಇಟ್ಟುಕೊಂಡೆ.

ಹೆಡ್‌ಮಾಸ್ತರರು ಹತ್ತಿದರು. ಮುಂದೆ ನನ್ನ ಪಕ್ಕದ ಸೀಟು ಅವರದು. ಅಲ್ಲಿಯ ತನಕ ಸರಿಯಿತ್ತು. ಅಕ್ಕತಂಗಿಯರ ಮನೆ. ತಂಗಿ ಬಂದು ಹತ್ತಿದರು. ಬಾಗಿಲು ಎಳೆದುಕೊಂಡ ಸದ್ದು ಕೇಳಿತು. ಹೊರಟೆ. ತಲೆಯಲ್ಲಿ ಒಂದೇ—ಅತ್ತೆ ಮಗುವನ್ನು ಬೋರಲು ಮಲಗಿಸಿದ್ದಾರಾ, ಮುಖದ ಮೇಲೆ ಬಟ್ಟೆ ಬಂದಿದೆಯಾ. ತಿರುವು ದಾಟಿತು. ಅಂಗಡಿ ಸಾಲು ದಾಟಿತು.

ಆಗ ಹೆಡ್‌ಮಾಸ್ತರರು, "ಬಡಿತ ಬೀಳಲಿಲ್ಲವಲ್ಲಮ್ಮ," ಅಂದರು.

"ಯಾವ ಬಡಿತ?"

"ದೊಡ್ಡಾಕೆ ಹತ್ತಿದ್ರಾ?"

ಕನ್ನಡಿಯಲ್ಲಿ ನೋಡಿದೆ. ತಂಗಿ ಒಬ್ಬರೇ. ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದಾರೆ. "ಅಕ್ಕ ಎಲ್ಲಿ?" ಎಂದೆ. "ಗೇಟಿಗೆ ಬೀಗ ಹಾಕ್ತಿದ್ಲು," ಅಂದರು.

"ಹೇಳಬಾರದಾ?"

"ನಾವು ಮಾತಾಡಲ್ಲವಲ್ಲ."

ನನಗೆ ನಗು ಬರಬೇಕಿತ್ತು. ಬರಲಿಲ್ಲ. ಗಾಡಿ ತಿರುಗಿಸಲು ಎರಡು ಸಲ ಹಿಂದೆ ಮುಂದೆ ಮಾಡಿದೆ. ಹಿಂದಿನಿಂದ ಯಾರೋ ಹಾರ್ನ್ ಹೊಡೆದರು, ಏನೋ ಬೈದರು. ವಾಪಸ್ ಹೋದರೆ ಅಕ್ಕ ಅದೇ ಗೇಟಿನ ಮುಂದೆ, ಅದೇ ಜಾಗದಲ್ಲಿ, ಬೀಗದ ಕೈ ಹಿಡಿದುಕೊಂಡು. ಬೈಯಲಿಲ್ಲ. ಹತ್ತಿ ಕೂತು, ಬಾಗಿಲು ಎಳೆದು, ಗಾಡಿಯ ಮೈಗೆ ಅಂಗೈಯಿಂದ ಎರಡು ಬಡಿದರು. ಧಪ್ ಧಪ್.

"ಈಗ ಹೊರಡು," ಅಂದರು ಹೆಡ್‌ಮಾಸ್ತರರು.

ಟೈಲರ್ ಅಜ್ಜಿಯ ಮನೆಗೆ ಹೋಗುವಷ್ಟರಲ್ಲಿ ಆಕೆ ಗೇಟಿನಲ್ಲಿರಲಿಲ್ಲ. ಹಾರ್ನ್ ಹೊಡೆದೆ. ಬರಲಿಲ್ಲ. ಇಳಿದು ಹೋಗಿ ಕರೆಯುವ ಧೈರ್ಯವಾಗಲಿಲ್ಲ. ಹಾಗೇ ಬಿಟ್ಟು ಹೋದೆ.

ಒಂದೇ ಬೆಳಿಗ್ಗೆ ಇಬ್ಬರು.

ಮನೆಗೆ ಬಂದಾಗ ಅತ್ತೆ ಎಚ್ಚರವಾಗಿಯೇ ಇದ್ದರು. ಪುಟ್ಟಿ ಅಂಗಾತ ಮಲಗಿದ್ದಳು. ಕೀ ಮೊಳೆಗೆ ಹಾಕಿದೆ.


ಸೆಪ್ಟೆಂಬರ್ 25, ಬುಧವಾರ

ಟೈಲರ್ ಅಜ್ಜಿಯ ಮನೆಗೆ ಹೋಗಿದ್ದೆ. ಕ್ಷಮೆ ಕೇಳಲು. ಇನ್ನು ನಾನು ಬರುವುದಿಲ್ಲ ಎಂದೂ ಹೇಳಲು. ಪುಟ್ಟಿಯನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು, ಬಿಸಿಲು ಬೀಳದ ಕಡೆ ಹುಡುಕಿಕೊಂಡು.

ಬಾಗಿಲು ತೆರೆದೇ ಇತ್ತು. ಮೆಷಿನ್ ಮುಂದೆ ಕೂತಿದ್ದರು. ಕೋಣೆಯ ತುಂಬ ಬಟ್ಟೆ ಚೂರು, ಸೀಮೆಸುಣ್ಣ, ಗೋಡೆಗೆ ಒರಗಿಸಿದ ಕನ್ನಡಿ. ನೂಲು ಕಚ್ಚಿ ಕತ್ತರಿಸಿ, "ಮಗೂನ ಕೊಡಿಲ್ಲಿ," ಅಂದರು.

ನಾನು ಹಿಂದೆಮುಂದೆ ನೋಡಿದೆ. ಪಕ್ಕದಲ್ಲೇ ಕತ್ತರಿ, ಸೂಜಿ.

"ನಾನು ಕತ್ತರಿಸೋದು ಬಟ್ಟೆ ಕಣಮ್ಮ. ಮಗೂನಲ್ಲ."

ಕೊಟ್ಟೆ. ಕುತ್ತಿಗೆಯ ಹಿಂದೆ ಕೈ ಸರಿಯಾಗಿ ಇಟ್ಟರು. ಸೂಜಿ ಚುಚ್ಚಿಟ್ಟಿದ್ದ ದಿಂಬನ್ನು ತಾವಾಗಿಯೇ ದೂರ ತಳ್ಳಿದರು. ಪುಟ್ಟಿ ಅವರ ಕೊರಳಿನ ಅಳತೆ ಟೇಪು ಹಿಡಿದುಕೊಂಡಳು.

"ಭಾನುವಾರ ನಿಮ್ಮನ್ನ ಬಿಟ್ಟು ಹೋದೆ," ಅಂದೆ.

"ನಾನೇ ಒಳಗೆ ಹೋಗಿದ್ದೆ. ಹೊತ್ತಾಯ್ತು, ಬರಲ್ಲ ಅಂದ್ಕೊಂಡೆ. ಹಾರ್ನ್ ಕೇಳಿಸ್ತು. ಅಷ್ಟರಲ್ಲಿ ಚಪ್ಪಲಿ ಬಿಚ್ಚಿಬಿಟ್ಟಿದ್ದೆ."

ಅಕ್ಕನನ್ನು ಬಿಟ್ಟು ಹೋದದ್ದನ್ನೂ ಹೇಳಿದೆ. ಅದು ಆಗಲೇ ಗೊತ್ತಿತ್ತು. ಇಡೀ ಸಭೆಗೆ ಗೊತ್ತಿದೆ.

"ಬಡಿತದ ವಿಷಯ ನಿನಗೆ ಹೇಳಿರಲಿಲ್ವಾ ಅವರು?"

"ಇಲ್ಲ. ಕಲಿಸುವಾಗ ಹಿಂದೆ ಯಾರೂ ಇರ್ತಿರಲಿಲ್ಲ."

ಹೇಳಿದರು. ಮಿಲಿಟರಿ ಲಾರಿಯ ಪದ್ಧತಿಯಂತೆ. ಓಡಿಸುವವನಿಗೆ ಹಿಂದೆ ಏನಾಗುತ್ತಿದೆ ಕಾಣುವುದಿಲ್ಲ. ಕೊನೆಗೆ ಹತ್ತಿದವನು ಗಾಡಿಯ ಮೈಗೆ ಎರಡು ಬಡಿಯಬೇಕು. ಒಂದು ಬಡಿತವೆಂದರೆ ನಿಲ್ಲು. ಎರಡೆಂದರೆ ಎಲ್ಲರೂ ಹತ್ತಿದ್ದೇವೆ, ಹಿಂದೆ ಯಾರೂ ಉಳಿದಿಲ್ಲ, ಹೊರಡು. ತಾತ ಆ ಎರಡು ಬಡಿತ ಬೀಳದೆ ಗೇರ್ ಮುಟ್ಟುತ್ತಿರಲಿಲ್ಲವಂತೆ. ಹಿಂದೆ ಒಬ್ಬರೇ ಇದ್ದರೂ ಅವರೇ ಬಡಿಯಬೇಕು.

"ಅಡುಗೆಯವನನ್ನ ಬಿಟ್ಟು ಹೋದ ಮೇಲೆ ಹೀಗೆ ಶುರು ಮಾಡಿದ್ರಾ?"

ಟೈಲರ್ ಅಜ್ಜಿ ನನ್ನ ಮುಖ ನೋಡಿದರು. "ಮನೇಲಿ ಅಡುಗೆಯವನು ಅಂತ ಹೇಳಿದ್ರಾ?"

"ಹೌದು."

"ಯಾವ ಅಡುಗೆಯವನೂ ಇರಲಿಲ್ಲಮ್ಮ. ಬಿಟ್ಟು ಹೋಗಿದ್ದು ಅವರನ್ನೇ."

ಪುಟ್ಟಿ ಟೇಪನ್ನು ಬಾಯಿಗೆ ಹಾಕಿಕೊಂಡಿದ್ದಳು. ತೆಗೆಯಬೇಕು ಎಂದುಕೊಂಡೆ. ತೆಗೆಯಲಿಲ್ಲ.

"ಹುಡುಗ ಆಗ. ಯಾರದೋ ಲಾರಿ ಕೆಟ್ಟಿತ್ತು ಅಂತ ಅದರ ಕೆಳಗೆ ಮಲಗಿ ಏನೋ ಬಿಗಿ ಮಾಡ್ತಿದ್ರಂತೆ. ಮೇಲೆ ಹೊರಡು ಹೊರಡು ಅಂತ ಕೂಗು. ಯಾರೂ ತಲೆ ಎಣಿಸಲಿಲ್ಲ. ಕೆಟ್ಟ ಲಾರಿ ಬಿಟ್ಟು ಮಿಕ್ಕಿದ್ದೆಲ್ಲ ಹೊರಟುಹೋಯ್ತು. ಇವರು ಈಚೆ ಬರೋದ್ರೊಳಗೆ ಬರೀ ಧೂಳು. ರಾತ್ರಿಯೆಲ್ಲ ನಡೆದ್ರಂತೆ."

"ನಿಮಗೆ ಯಾವಾಗ ಹೇಳಿದ್ರು?"

"ನಮ್ಮೆಜಮಾನ್ರು ತೀರಿಹೋದ ವರ್ಷ. ನಾನು ಚರ್ಚಿಗೆ ಬರೋದು ಬಿಟ್ಟುಬಿಟ್ಟಿದ್ದೆ. ದೇವರ ಮೇಲೆ ಸಿಟ್ಟು. ಇವರು ಪ್ರತಿ ಭಾನುವಾರ ಗೇಟಿಗೆ ಗಾಡಿ ತಂದು ನಿಲ್ಲಿಸೋರು. ಹಾರ್ನ್ ಇಲ್ಲ, ಕರೆಯೋದಿಲ್ಲ. ಇಂಜಿನ್ ಹಾಕ್ಕೊಂಡು ಸುಮ್ನೆ ಕೂತಿರೋರು. ಒಂದು ದಿನ ರೇಗಿ ಹೋಗಿ, ಯಾಕ್ರೀ ಹೊಗೆ ಬಿಡ್ತಾ ನಿಂತಿದ್ದೀರಿ ಅಂದೆ. ಆಗ ಹೇಳಿದ್ರು. ನಡೆಯೋದೇನೂ ಕಷ್ಟ ಅಲ್ಲ ತಂಗಿ, ಹಿಂದೆ ಉಳಿದವನಿಗೆ ಗಾಡಿ ಸದ್ದು ಬಹಳ ಹೊತ್ತು ಕೇಳ್ತಾ ಇರತ್ತೆ, ಅದು ಸಣ್ಣಗಾಗೋದನ್ನ ಕೇಳ್ತಾ ನಿಲ್ಲೋದೇ ಕಷ್ಟ, ಅಂದ್ರು."

"ಬಿಟ್ಟು ಹೋದವರನ್ನ ಬೈಯಲಿಲ್ವಾ?"

"ಕೇಳಿದೆ. ಅವರಿಗೂ ಭಯ ಆಗಿತ್ತಲ್ಲ ಅಂದ್ರು. ಅಷ್ಟೇ."

ಮೆಷಿನ್ ಮೇಲೆ ನೀಲಿ ಬಟ್ಟೆ ಅರ್ಧ ಹೊಲಿದು ಬಿಟ್ಟಿತ್ತು. ಅದನ್ನೇ ನೋಡುತ್ತಾ ಕೇಳಿದೆ. "ಮಣ್ಣು ಮಾಡಿದ ದಿನ ಆ ಕಪ್ಪು ಗಾಡಿಗೆ ನೀವು..."

"ಮತ್ತೆ? ಬಾಗಿಲ ಹತ್ತಿರ ಕೊನೆಗೆ ಇದ್ದೋಳು ನಾನೇ. ಇನ್ಯಾರು ಬಡಿಯಬೇಕಿತ್ತು?" ಅಂದರು. ಪುಟ್ಟಿಯ ಬಾಯಿಂದ ಟೇಪು ಬಿಡಿಸಿ ಸೆರಗಿಗೆ ಒರೆಸಿದರು. "ಒಳಗೆ ಇದ್ದೋರು ಸರಿಯಾಗಿ ಇದ್ದಾರೆ ಅಂತ ಡ್ರೈವರ್‌ಗೆ ತಿಳೀಬೇಕಲ್ಲ."

ನಾನು ಹೇಳಲು ಹೋದ ಮಾತು ಹೇಳಲಿಲ್ಲ. ಹೊರಡುವಾಗ ಅವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, ಬೆನ್ನಿಗೆ ಟೇಪು ಹಿಡಿದು ಅಳತೆ ತೆಗೆದುಕೊಂಡರು. ಯಾಕೆಂದು ಕೇಳುವಷ್ಟು ತ್ರಾಣ ಇರಲಿಲ್ಲ.

ದಾರಿಯುದ್ದಕ್ಕೂ ತಾತ ಹೋದ ಮಂಗಳವಾರದ್ದೇ ಯೋಚನೆ. ಆ ಇಂಜಿನ್ ಸದ್ದು. ಸಣ್ಣಗಾಗಲಿಲ್ಲ ಅದು. ನಾನು ಹೋಗಿ ನಿಲ್ಲಿಸುವ ತನಕ ಅಲ್ಲೇ ಇತ್ತು.


ಸೆಪ್ಟೆಂಬರ್ 26

ಅತ್ತೆಗೆ ಹೇಳಲೋ ಬೇಡವೋ.


ಸೆಪ್ಟೆಂಬರ್ 27, ಶುಕ್ರವಾರ

ಹೇಳಿದೆ. ಹುರುಳಿಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಲಿಲ್ಲ. ಬುಟ್ಟಿ ಅರ್ಧ ಖಾಲಿಯಾದ ಮೇಲೆ, "ಅದಕ್ಕೇ ಆ ಕಥೆಗೆ ನಾವೆಲ್ಲ ನಗ್ತಿದ್ರೆ ಅವರೊಬ್ಬರೇ ನಗ್ತಿರಲಿಲ್ಲ," ಅಂದರು. ಇನ್ನೊಂದು ಹಿಡಿ ಬಿಡಿಸಿ, "ನೂರು ಸಲ ಕೇಳಿದ್ದೀವಿ ಅಂದ್ನಲ್ಲ ನಾನು."

ಅಳಲಿಲ್ಲ. ಇದೇ ಮೊದಲ ಸಲ ನಾವಿಬ್ಬರೂ ಅಳದೆ ಒಂದೇ ಕಡೆ ಕೂತದ್ದು.


ಅಕ್ಟೋಬರ್ 5, ಶನಿವಾರ

ಒಂದು ವಾರ ಬರೆದಿಲ್ಲ. ಪುಟ್ಟಿಗೆ ಜ್ವರ. ಈಗ ಇಳಿದಿದೆ.

ಹೋದ ಭಾನುವಾರ ಜ್ವರದ ನೆಪದಲ್ಲಿ ವ್ಯಾನ್ ತೆಗೆಯಲಿಲ್ಲ. ಈ ಸಲ ಯಾರೂ ಫೋನ್ ಮಾಡಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಹಿರಿಯರು ತೀರ್ಮಾನ ಮಾಡಿದ್ದಾರಂತೆ: ಹದಿಮೂರರ ಆರಾಧನೆ ಮುಗಿದ ಮೇಲೆ ಗಾಡಿ ಬೇರೆ ಸಭೆಗೆ. ಯಾರಾದರೂ ಪ್ರತಿ ಭಾನುವಾರ ಓಡಿಸುತ್ತೇನೆ ಎಂದು ಮುಂದೆ ಬಂದರೆ ಮಾತ್ರ ಇಲ್ಲಿ ಉಳಿಯುತ್ತದೆ. ಟೈಲರ್ ಅಜ್ಜಿಗೆ ಫೋನಿನ ಆರಾಧನೆಯ ವಿಷಯ ಪಾಸ್ಟರ್ ಹೇಳಿದರಂತೆ. "ಫೋನಿಗೆ ಕೈ ಕುಲುಕೋಕಾಗತ್ತಾ ಪಾಸ್ಟರೇ?" ಅಂದರಂತೆ ಆಕೆ.

ಮಧ್ಯಾಹ್ನ ಬಾತ್‌ರೂಮಿನ ಬಾಗಿಲಿಗೆ ಒರಗಿ ನಿಂತೇ ಕಣ್ಣು ಮುಚ್ಚಿದ್ದೆ. ಎಚ್ಚರವಾದಾಗ ಎದುರಿಗೆ ಅತ್ತೆ. ಕೈಯಲ್ಲಿ ಪುಟ್ಟಿ. ಹೋಗಿ ತಾತನ ಮರದ ಕುರ್ಚಿಯಲ್ಲಿ ಕೂತರು. ಅವರು ಆ ಕುರ್ಚಿಯಲ್ಲಿ ಕೂತದ್ದನ್ನು ನಾನು ನೋಡಿಯೇ ಇರಲಿಲ್ಲ, ಸೊಂಟ ನೋಯುತ್ತದೆ ಎನ್ನುತ್ತಿದ್ದರು. ಬೆನ್ನು ನೆಟ್ಟಗೆ ಮಾಡಿಕೊಂಡರು.

"ಚಾರ್ಜ್ ತಗೊಂಡೆ," ಅಂದರು. ಸಿಡುಕಿನ ದನಿ. "ನೀನು ಹೋಗು."

ಹೋದೆ. ಮಲಗಿದೆ. ಎದ್ದಾಗ ಕಿಟಕಿಯ ಬಿಸಿಲು ಗೋಡೆ ದಾಟಿ ಹೋಗಿತ್ತು. ಅವರು ಹಾಗೆಯೇ ಕೂತಿದ್ದರು. ಕಣ್ಣು ತೆರೆದೇ ಇತ್ತು.


ಅಕ್ಟೋಬರ್ 6, ಭಾನುವಾರ

ಯಾರನ್ನೂ ಹತ್ತಿಸುವ ಧೈರ್ಯ ಇನ್ನೂ ಇಲ್ಲ. ಆರಾಧನೆ ಮುಗಿದು ಜನ ಹೋದ ಮೇಲೆ ಖಾಲಿ ವ್ಯಾನ್ ಚರ್ಚಿನ ಹಿಂದಿನ ಜಾಗಕ್ಕೆ ಒಯ್ದೆ. ಸುತ್ತು ಹಾಕಿದೆ. ಇವರು ಹಿಂದೆ ಕೂತು ಪ್ರತಿ ಸಲ ಬಡಿದರು. ಗಟ್ಟಿಯಾಗಿ ಬಡಿಯಿರಿ, ಕೇಳಿಸುತ್ತಿಲ್ಲ ಅಂದೆ. "ನೀನು ತಾತನಿಗಿಂತ ಜೋರು," ಅಂದರು.

ಇವರು ಅಳುತ್ತಿದ್ದರು. ಕನ್ನಡಿಯಲ್ಲಿ ಕಂಡಿತು. ಕಾಣದವಳ ಹಾಗೆ ಇನ್ನೊಂದು ಸುತ್ತು ಹಾಕಿದೆ.


ಅಕ್ಟೋಬರ್ 10, ಗುರುವಾರ

ಪಾಸ್ಟರಿಗೆ ಫೋನ್ ಮಾಡಿ ಹೇಳಿದೆ. ಪ್ರತಿ ಭಾನುವಾರ ನಾನು ಓಡಿಸುತ್ತೇನೆ. ಆದರೆ ಈ ಭಾನುವಾರ ಒಬ್ಬರನ್ನಾದರೂ ಬಿಟ್ಟು ಬಂದರೆ ಕೀ ನಿಮ್ಮ ಕೈಗೆ. ಪಾಸ್ಟರ್, "ಅಷ್ಟು ಕಟ್ಟುನಿಟ್ಟು ಬೇಡಮ್ಮ," ಅಂದರು. ಬೇಕು ಅಂದೆ.

ಪುಟ ಬರೆದಿಲ್ಲ. ಒಂದೇ ಒಂದು ಸಾಲು: "ತಾತ ಹೇಳುತ್ತಿದ್ದ ಕಥೆಯಲ್ಲಿ ಅಡುಗೆಯವನು ಇರಲಿಲ್ಲ." ಮುಂದೆ ಹೋಗುತ್ತಿಲ್ಲ.


ಅಕ್ಟೋಬರ್ 13, ಭಾನುವಾರ. ವ್ಯಾನಿನಲ್ಲಿ

ಟೈಲರ್ ಅಜ್ಜಿಯ ಗೇಟು. ಇಂಜಿನ್ ಹಾಕಿಯೇ ಇದೆ. ಸ್ಟೀರಿಂಗ್ ಮೇಲಿಟ್ಟು ಬರೆಯುತ್ತಿದ್ದೇನೆ, ಅಕ್ಷರ ನಡುಗಿದರೆ ಅದಕ್ಕೇ.

ಹೆಡ್‌ಮಾಸ್ತರರು ಪಕ್ಕದಲ್ಲಿ. ಕೋಟಿಗೆ ನ್ಯಾಫ್ತಲಿನ್ ವಾಸನೆ. "ಏನಮ್ಮ ಬರೀತಿದ್ದೀಯ?" ಅಂದರು. ಪುಟ ಅಂದೆ. "ಇನ್ನೂ ಮುಗಿದಿಲ್ವಾ? ನನ್ನ ಸ್ಕೂಲಲ್ಲಾಗಿದ್ರೆ ಹೊರಗೆ ನಿಲ್ಲಿಸ್ತಿದ್ದೆ."

ಅಕ್ಕ, ತಂಗಿ ಹತ್ತಿಯಾಗಿದೆ. ಅವರ ಮನೆಯಲ್ಲಿ ಬಾಗಿಲು ಎಳೆದ ಮೇಲೆ ಕಾದೆ. ಅಕ್ಕ ಇನ್ನೂ ಬೀಗ ಎಳೆದು ನೋಡುತ್ತಿದ್ದರು. ಆಗ ತಂಗಿ, ಯಾರನ್ನೂ ನೋಡದೆ, ಗಾಡಿಯ ಮೈಗೆ ಒಂದು ಬಡಿದರು. ನಿಲ್ಲು ಅಂತ. ಅಕ್ಕ ಹತ್ತಿದ ಮೇಲೆ ಎರಡು ಅಕ್ಕನದು. ಇಬ್ಬರೂ ಮಾತಾಡಲಿಲ್ಲ. ಆದರೆ ಬಡಿದರು.

ಅತ್ತೆ ಹಿಂದಿನ ಸಾಲಿನಲ್ಲಿ. ಪದಕಗಳನ್ನು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದಾರೆ, ಗುಂಡಿಗಳ ಸಮೇತ. ಪುಟ್ಟಿ ಅವರ ಪಕ್ಕದಲ್ಲಿ, ಅವಳ ಸೀಟಿನಲ್ಲಿ, ಬೆಲ್ಟು ನಾನೇ ಬಿಗಿದಿದ್ದೇನೆ. ಮೂರು ಸಲ ಎಳೆದು ನೋಡಿದೆ. ಕನ್ನಡಿಯಲ್ಲಿ ಹೆಡ್‌ಮಾಸ್ತರರ ಟೋಪಿ ಅಡ್ಡ ಬಂದು ಅವಳು ಕಾಣುವುದಿಲ್ಲ. ಟೋಪಿ ತೆಗೆಯಿರಿ ಎನ್ನಬಹುದಿತ್ತು. ಅನ್ನಲಿಲ್ಲ.

ಟೈಲರ್ ಅಜ್ಜಿ ಈಗ ತಾನೇ ಬಂದು ನನ್ನ ಬೆನ್ನ ಹಿಂದಿನ ಎರಡು ದಿಂಬನ್ನೂ ಕಿತ್ತು ಅತ್ತೆಯ ಕೈಗೆ ಕೊಟ್ಟು, ನೀಲಿ ಬಟ್ಟೆಯದೊಂದು ಗಟ್ಟಿ ಮೆತ್ತೆ ಇಟ್ಟರು. ಮೇಲೆ ದಪ್ಪ, ಕೆಳಗೆ ಸಪೂರ, ಹಿಂದೆ ಕಟ್ಟಲು ದಾರ. ಕಟ್ಟಿಯೂ ಕೊಟ್ಟರು. "ಸೀಟು ಅವರ ಅಳತೆಗೇ ಇರಲಿ. ಮೆತ್ತೆ ನಿನ್ನ ಅಳತೆಗೆ," ಅಂದರು. ಕಾಲು ಸರಿಯಾಗಿ ಎಟುಕುತ್ತಿದೆ.

ಅಳು ಬರುವ ಹಾಗಿದೆ. ಈಗ ಬೇಡ. ಆರಾಧನೆ ಮುಗಿಯಲಿ. ಇವರನ್ನೆಲ್ಲ ಮನೆಗೆ ಇಳಿಸಿ ಆಗಲಿ.

ಅಜ್ಜಿ ಸುತ್ತಿಕೊಂಡು ಹಿಂದಿನ ಬಾಗಿಲಿಗೆ ಹೋದರು. ಗಾಡಿ ಒಂದು ಕಡೆ ಸ್ವಲ್ಪ ವಾಲಿತು, ಹತ್ತಿರಬೇಕು. ಅತ್ತೆ ಏನೋ ಅಂದರು. ಬಾಗಿಲು ಎಳೆದ ಸದ್ದು. ಪುಟ್ಟಿಯ ಸದ್ದಿಲ್ಲ. ಮಲಗಿರಬೇಕು. ಮಲಗಿದ್ದಾಳೆ. ತಿರುಗಿ ನೋಡುವುದಿಲ್ಲ.

ಒಂದು ಬಡಿತ ಬಿತ್ತು. ಇನ್ನೊಂದೂ—